ದೇವಗಂಗೆಯ ಕೊಳಗಳು: ಅರಸರ ಜಳಕ ಮತ್ತು ಜನರ ನೀರರಿವು

ಹೊಸನಗರ ತಾಲೂಕಿನ ನಗರದ ಸಮೀಪದಲ್ಲಿರುವ ದೇವಗಂಗೆಯ ಕೊಳಗಳನ್ನು ಕೆಳದಿ ಅರಸುಮನೆತನದ ಸ್ನಾನಸ್ಥಳವೆಂದು ಗುರುತಿಸುವುದು ವಾಡಿಕೆ. ಪ್ರವಾಸಿ ಕೈಪಿಡಿಗಳೂ ಸ್ಥಳಪರಿಚಯದ ಬರಹಗಳೂ ಈ ಮಾತನ್ನೇ ಪುನರುಚ್ಚರಿಸುತ್ತ ಬಂದಿವೆ. ಈ ಗುರುತು ತಪ್ಪಲ್ಲ, ಅಪೂರ್ಣ. ಅಲ್ಲಿ ಮಿಂದವರು ಯಾರೆಂಬುದನ್ನು ಅದು ಹೇಳುತ್ತದೆ; ಅಲ್ಲಿಗೆ ನೀರು ತಂದ ಅರಿವು ಯಾರದೆಂದು ಕೇಳುವುದಿಲ್ಲ.

ಕೆಳದಿಯ ರಾಜಧಾನಿಯು ಇಕ್ಕೇರಿಯಿಂದ ಬಿದನೂರಿಗೆ, ಅಂದರೆ ಇಂದಿನ ನಗರಕ್ಕೆ, ಸ್ಥಳಾಂತರಗೊಂಡದ್ದು 17ನೆಯ ಶತಮಾನದ ಪೂರ್ವಾರ್ಧದಲ್ಲಿ. ಶಿವಪ್ಪನಾಯಕನ ಕಾಲದಲ್ಲಿ (1645-1660) ಉಚ್ಛ್ರಾಯ ಕಂಡ ಪಟ್ಟಣವು 1763ರಲ್ಲಿ ಹೈದರಾಲಿಯ ವಶವಾಯಿತು. ಅರಮನೆ ಅಳಿಯಿತು, ಕೊಳಗಳು ಉಳಿದವು. ಈ ಉಳಿವಿನ ಕಾರಣ ಕಟ್ಟಡದ ಗಟ್ಟಿತನವೊಂದೇ ಅಲ್ಲ. ಬೆಟ್ಟದ ಸೆಲೆಯ ನೀರು ಇಳಿಜಾರನ್ನೇ ನೆಚ್ಚಿ ಬಂದು, ಒಂದು ಕೊಳದಿಂದ ಇನ್ನೊಂದಕ್ಕೆ ಹರಿದು ಹೊರಹೋಗುತ್ತದೆ. ಏತವಾಗಲಿ ಕಪಿಲೆಯಾಗಲಿ ಇಲ್ಲಿ ಬೇಕಿಲ್ಲ.

ಇದೇ ಕ್ರಮವನ್ನು ಮಲೆನಾಡಿನ ಅಬ್ಬಿ ನೀರಿನಲ್ಲಿ ಕಾಣಬಹುದು. ಗುಡ್ಡದ ಒರತೆಯನ್ನು ಅಡಕೆಮರದ ದಬ್ಬೆಗಳ ಮೂಲಕ ಮನೆಯ ಬಚ್ಚಲಿಗೆ ತಂದು, ಮಿಕ್ಕದ್ದನ್ನು ತೋಟಕ್ಕೆ ಹರಿಯಬಿಡುವ ಪದ್ಧತಿಯದು. ಯಾವುದು ಯಾವುದಕ್ಕೆ ಮೂಲವೆಂಬ ತೀರ್ಮಾನಕ್ಕಿಂತ, ಎರಡೂ ಒಂದೇ ಪರಿಸರಜ್ಞಾನದ ರೂಪಗಳೆಂಬುದು ಗಮನಾರ್ಹ. ದೇವಗಂಗೆಯನ್ನು ರಾಜವೈಭವದ ಕುರುಹಾಗಿ ಮಾತ್ರ ಓದಿದಾಗ ಈ ನಂಟು ಮರೆಯಾಗುತ್ತದೆ.

ಇಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದ ರೋಮನ್ ಸ್ನಾನಗೃಹದ ನಿದರ್ಶನ ಉಪಯುಕ್ತ. ಅಲ್ಲಿನ ಬಿಸಿನೀರ ಸೆಲೆಯಲ್ಲಿ ಸುಲಿಸ್ ಮಿನರ್ವಾ ದೇವತೆಗೆ ಒಪ್ಪಿಸಿದ ಸುಮಾರು 130 ಶಾಪಪತ್ರಗಳು ದೊರೆತಿವೆ. ಬಹುಪಾಲು 1979-80ರ ಉತ್ಖನನದಲ್ಲಿ ಸಿಕ್ಕವು. ಬಟ್ಟೆ ಕದ್ದವರನ್ನು, ಹಣ ಕದ್ದವರನ್ನು ಶಿಕ್ಷಿಸಬೇಕೆಂಬ ಸಾಮಾನ್ಯರ ಮೊರೆ ಅವುಗಳಲ್ಲಿದೆ. ಸಾಮ್ರಾಜ್ಯದ ಭವ್ಯ ಅವಶೇಷದಲ್ಲಿ ಹೀಗೆ ಮಿಂದವರ ದನಿಯೂ ಕೇಳಿಸುವಂತಾಯಿತು. ಸಿಗಂದೂರು ಚೌಡೇಶ್ವರಿಯ ಕಾವಲಿದೆಯೆಂಬ ಫಲಕವನ್ನು ತೋಟದ ಬೇಲಿಯಲ್ಲಿ ಕಂಡಿರುವ ಸಾಗರ ಸೀಮೆಯವರಿಗೆ ಈ ಮೊರೆ ಅಪರಿಚಿತವೆನಿಸದು. ಬಾತ್‌ನಲ್ಲಿ ತಗಡಿನ ಮೇಲೆ ಉಳಿದ ಜನರ ಮಾತು ಮಲೆನಾಡಿನಲ್ಲಿ ನಂಬಿಕೆ, ನುಡಿ ಮತ್ತು ಕೆಲಸದ ರೂಢಿಗಳಲ್ಲಿ ಉಳಿದಿದೆ. ದೇವಗಂಗೆಯ ಅಧ್ಯಯನಕ್ಕೆ ಅವೂ ಆಕರಗಳಾಗಬೇಕು.

ಆದರೆ ಈ ಆಕರಗಳು ಕಲ್ಲಿನಷ್ಟು ಬಾಳುವಂಥವಲ್ಲ. ಪ್ಲಾಸ್ಟಿಕ್ ಕೊಳವೆ, ಪಂಪ್‌ಸೆಟ್‌ಗಳು ಬಂದ ಮೇಲೆ ದಬ್ಬೆಯೊಡನೆ ಅದರ ಪದಸಂಪತ್ತೂ ಬಳಕೆ ತಪ್ಪುತ್ತಿದೆ. ಸಂರಕ್ಷಣೆಯೆಂದರೆ ಕೊಳದ ಮೆಟ್ಟಿಲುಗಳ ದುರಸ್ತಿ ಮಾತ್ರವಲ್ಲ. ಮೇಲಿನ ಕಾಡು, ನೀರಿನ ದಾರಿ ಮತ್ತು ಆ ದಾರಿಯನ್ನು ಬಲ್ಲ ಹಿರಿಯರ ಮಾತುಗಳ ದಾಖಲೀಕರಣವೂ ಅದರಲ್ಲಿ ಸೇರಬೇಕು. ಸೆಲೆ ಬತ್ತಿದರೆ ಉಳಿಯುವುದು ಬರಿಯ ಕಲ್ಲಿನ ಗುಂಡಿ.