ಸಲಹೆ ಕೊಡುವ ಹಕ್ಕು ಯಾರದು?

ಮೈಸೂರು ಸಂಸ್ಥಾನದಲ್ಲಿ 1911ರಲ್ಲಿ ಆರಂಭವಾದ ಆರ್ಥಿಕ ಸಮ್ಮೇಳನ ಅಧಿಕಾರಿಗಳ ಜೊತೆ ಖಾಸಗಿ ಗಣ್ಯರನ್ನೂ ಕೂರಿಸಿತು. 1999ರಲ್ಲಿ ಎಸ್.ಎಂ. ಕೃಷ್ಣ ಸರಕಾರ ನಂದನ್ ನಿಲೇಕಣಿಯವರ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಕಾರ್ಯಪಡೆ ರಚಿಸಿತು. ಅದು ಕೆಲಸ ಮಾಡಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಎರಡೂ ಕಡೆ ಕುರ್ಚಿ ಸಿಕ್ಕಿದ್ದು ಬಹುಪಾಲು ಗಣ್ಯರಿಗೇ. ಪೀಣ್ಯದಲ್ಲಿ ಲೇತ್ ನಡೆಸುವವನಿಗೆ, ವೈಟ್‌ಫೀಲ್ಡ್‌ನ ಕಚೇರಿ ಗುಡಿಸುವ ಹೆಣ್ಣುಮಗಳಿಗೆ ಹೇಳಲು ಏನೂ ಇಲ್ಲವೇ? ಯಾವ ಪಾಳಿಗೆ ಬಸ್ಸಿಲ್ಲ, ಕರೆಂಟು ಹೋದರೆ ಎಷ್ಟು ಕೂಲಿ ಕಳೆಯುತ್ತದೆ ಎಂಬುದು ಅವರಿಗೇ ಗೊತ್ತು. 1992ರ 74ನೇ ತಿದ್ದುಪಡಿ ವಾರ್ಡ್ ಸಮಿತಿಯ ಬಾಗಿಲನ್ನೇನೋ ತೆರೆದಿತ್ತು. ಆದರೆ 2020ರಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ಐದು ವರ್ಷ ಚುನಾವಣೆಯೇ ನಡೆಯಲಿಲ್ಲ. ಬೆವರು ಬೇಕು, ಮಾತು ಬೇಡ ಎನ್ನುವ ಅಭಿವೃದ್ಧಿ ಯಾರ ಅಭಿವೃದ್ಧಿ?