ನಮಗೇನೂ ಬೇಡ, ಊಟ ಮಾತ್ರ ಚೆನ್ನಾಗಿರಲಿ

ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯನ್ನು ಕನ್ನಡದ ಓದುಗರು ತಲಾಕಿನ ಕಾದಂಬರಿಯೆಂದೇ ನೆನಪಿಟ್ಟುಕೊಂಡಿದ್ದಾರೆ. ಎಂಬತ್ತರ ದಶಕದ ಆರಂಭದಲ್ಲಿ ‘ಲಂಕೇಶ್ ಪತ್ರಿಕೆ’ಯಲ್ಲಿ ಧಾರಾವಾಹಿಯಾಗಿ ಬಂದು ಆಮೇಲೆ ಪುಸ್ತಕವಾದ ಈ ಕೃತಿಯ ಬಗ್ಗೆ ಬಂದ ಬರಹಗಳು ಹೆಚ್ಚಾಗಿ ಅದರ ಕೊನೆಯ ಭಾಗದ ಸುತ್ತಲೇ ಸುತ್ತುತ್ತವೆ. ತಾನು ಪ್ರೀತಿಸುವ ಗಂಡನನ್ನೇ ಮತ್ತೆ ಸೇರಬೇಕಾದರೆ ನಾದಿರಾ ಒಂದು ರಾತ್ರಿಗಾಗಿ ಇನ್ನೊಬ್ಬನನ್ನು ಮದುವೆಯಾಗಬೇಕು ಎಂಬ ಸ್ಥಿತಿ, ಅವಳು ಮಸೀದಿಯ ಕೊಳವನ್ನು ಆರಿಸಿಕೊಳ್ಳುವುದು, ಇವೇ ಎಲ್ಲರ ಮನಸ್ಸಿನಲ್ಲಿ ಉಳಿದಿವೆ. ಆದರೆ ನಾದಿರಾ ಮತ್ತು ರಶೀದರ ಸಂಸಾರಕ್ಕೆ ಮೊದಲ ಬಿರುಕು ಬಿದ್ದದ್ದು ಎಲ್ಲಿ? ಗಂಡ ಹೆಂಡಿರ ನಡುವೆ ಮನಸ್ತಾಪವಿರಲಿಲ್ಲ. ತಂದೆ ಮಹಮದ್ ಖಾನನಿಗೆ ಎರಡನೆಯ ಮಗಳ ಮದುವೆಗೆ ಹಣ ಬೇಕಾಯಿತು. ಅಳಿಯನನ್ನು ಕೇಳಿದ. ಬೇಕಾದ ಹೊತ್ತಿಗೆ ಹಣ ಬರಲಿಲ್ಲ. ಹಟಮಾರಿ ತಂದೆ ಮೊದಲ ಮಗಳನ್ನು ಮನೆಗೆ ಕರೆತಂದು ಕೂರಿಸಿಕೊಂಡ. ಮುಂದಿನದೆಲ್ಲ ಅಲ್ಲಿಂದ ಹುಟ್ಟಿದ್ದು.

ಒಬ್ಬ ತಂಗಿಯ ಮದುವೆಯ ಖರ್ಚು ಒಬ್ಬ ಅಕ್ಕನ ಸಂಸಾರವನ್ನು ಮುರಿಯಿತು. ಕಾದಂಬರಿ ಇದನ್ನು ಮುಚ್ಚಿಟ್ಟಿಲ್ಲ. ಮುಚ್ಚಿಟ್ಟವರು ಅದನ್ನು ಓದಿದವರು. ಮುಸ್ಲಿಮ್ ಹೆಣ್ಣಿನ ಕಥೆ ಎಂದ ಕೂಡಲೇ ತಲಾಕನ್ನು ಹುಡುಕುವ ಕಣ್ಣಿಗೆ ಮದುವೆಯ ಲೆಕ್ಕದ ಪುಸ್ತಕ ಕಾಣುವುದಿಲ್ಲ. ತಲಾಕಿನ ಬಗ್ಗೆ ಸುಪ್ರೀಂ ಕೋರ್ಟು 2017ರಲ್ಲಿ ತೀರ್ಪು ಕೊಟ್ಟಿತು, ಸಂಸತ್ತು 2019ರಲ್ಲಿ ಕಾಯ್ದೆ ಮಾಡಿತು, ಟಿವಿ ವಾಹಿನಿಗಳು ತಿಂಗಳುಗಟ್ಟಲೆ ಚರ್ಚೆ ನಡೆಸಿದವು. ನಿಶ್ಚಯವಾದ ದಿನದಿಂದ ನಿಕಾಹ್ ಆಗುವ ದಿನದವರೆಗೆ ಒಂದು ಮನೆಯಲ್ಲಿ ನಡೆಯುವ ಲೆಕ್ಕಾಚಾರದ ಬಗ್ಗೆ ಚರ್ಚೆ ನಡೆಸುವವರು ಕಡಿಮೆ. ಸಮುದಾಯದ ಹೊರಗಿನವರಿಗೆ ಅದು ಸುದ್ದಿಯಲ್ಲ. ಒಳಗಿನವರಿಗೆ ಅದು ರೂಢಿ.

ಇದೇ ಪುಸ್ತಕದ ಇನ್ನೊಂದು ಪುಟವನ್ನು ಬಾನು ಮುಷ್ತಾಕ್ ತೆರೆದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಸಂಕಲನದಲ್ಲಿರುವ ‘ಬೆಂಕಿ ಮಳೆ’ ಕಥೆಯಲ್ಲಿ ಮುತವಲ್ಲಿಯೊಬ್ಬನ ಮುಂದೆ ಅವನ ತಂಗಿ ತನ್ನ ಪಾಲಿನ ಆಸ್ತಿ ಕೇಳುತ್ತಾಳೆ. ಜಮಾಅತಿನ ಯಜಮಾನನಾದವನು ಹೊರಗಿನ ದೊಡ್ಡ ಧರ್ಮಕಾರ್ಯಗಳಲ್ಲಿ ಮುಳುಗಿ ಮನೆಯೊಳಗಿನ ಆ ಸಣ್ಣ ನ್ಯಾಯವನ್ನು ದೂರ ತಳ್ಳುತ್ತಾನೆ. ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲಿದೆ ಎಂದು ಕುರ್‌ಆನಿನ ಅನ್ನಿಸಾ ಅಧ್ಯಾಯ ಲೆಕ್ಕಸಮೇತ ಹೇಳುತ್ತದೆ. ಆ ಪಾಲನ್ನು ತಪ್ಪಿಸಲು ನಮ್ಮ ಮನೆಗಳಲ್ಲಿ ಬಳಕೆಯಲ್ಲಿರುವ ವಾದ ಒಂದೇ: ‘ಮದುವೆಗೆ ಅಷ್ಟು ಖರ್ಚು ಮಾಡಲಿಲ್ಲವೇ, ಇನ್ನೇನು ಪಾಲು?’ ಸಾರಾ ಅವರ ಕಾದಂಬರಿಯನ್ನೂ ಬಾನು ಅವರ ಕಥೆಯನ್ನೂ ಪಕ್ಕಪಕ್ಕದಲ್ಲಿಟ್ಟು ಓದಿದರೆ ಒಂದು ಮಾತು ಸ್ಪಷ್ಟವಾಗುತ್ತದೆ. ಮದುವೆಯ ದಿನ ಹೆಣ್ಣಿನ ಹೆಸರಿನಲ್ಲಿ ಖರ್ಚಾದ ಹಣ ಹೆಣ್ಣಿನ ಕೈಗೆ ಬರುವುದಿಲ್ಲ. ಆದರೆ ಅದನ್ನು ಅವಳ ಲೆಕ್ಕಕ್ಕೇ ಬರೆಯಲಾಗುತ್ತದೆ.

ಬಾನು ಅವರ ಹಾಸನಕ್ಕೂ ಬೆಂಗಳೂರಿಗೂ ನಡುವಿನ ಹೆದ್ದಾರಿಯಲ್ಲಿ ನಾಗಮಂಗಲ ತಾಲೂಕಿನ ಬೆಳ್ಳೂರು ಸಿಗುತ್ತದೆ. ಹೊಯ್ಸಳರ ಕಾಲದ ಮಾಧವರಾಯನ ಗುಡಿ, ಜೈನ ಬಸದಿ, ಮಸೀದಿ, ಆಚೆಗೆ ಆದಿಚುಂಚನಗಿರಿಯ ಮಠ ಮತ್ತು ವೈದ್ಯಕೀಯ ಕಾಲೇಜು, ಸದಾ ಬಸ್ಸು ನಿಲ್ಲುವ ಬೆಳ್ಳೂರು ಕ್ರಾಸ್. ಶ್ರೀರಂಗಪಟ್ಟಣ, ಪಾಂಡವಪುರಗಳ ಕಾಲುವೆ ನೀರಿನ ಕಬ್ಬು ಭತ್ತದ ಸೀಮೆಯಲ್ಲ ಇದು. ಬಹುಪಾಲು ರಾಗಿ ಮತ್ತು ತೆಂಗಿನ ನಾಡು. ಇಂಥ ಊರಿನಲ್ಲಿ ಪಂಕ್ಚರ್ ಅಂಗಡಿಯನ್ನೋ ಹಣ್ಣಿನ ಗಾಡಿಯನ್ನೋ ನಂಬಿದ ಒಬ್ಬ ತಂದೆಯನ್ನು ಊಹಿಸಿಕೊಳ್ಳಿ. ಮಗಳಿಗೆ ಮಂಗ್ನಿ ಆಗಿದೆ. ಆರು ತಿಂಗಳಿಗೆ ನಿಕಾಹ್. ಗಂಡಿನ ಕಡೆಯವರು ಒಳ್ಳೆಯ ಜನ. ಮಂಗ್ನಿಯ ದಿನವೇ ದಖನಿಯಲ್ಲಿ ಹೇಳಿಬಿಟ್ಟಿದ್ದಾರೆ: ‘ಹಮ್ನಾ ಕುಚ್ ನಕ್ಕೋ.’ ನಮಗೇನೂ ಬೇಡ. ಅದರ ಹಿಂದೆಯೇ ಇನ್ನೊಂದು ಮಾತು: ‘ನಿಮ್ಮ ಮಗಳಿಗೆ ನೀವು ಏನು ಕೊಡ್ತೀರೋ ಅದು ನಿಮ್ಮ ಖುಷಿ. ಊಟ ಮಾತ್ರ ಚೆನ್ನಾಗಿರಲಿ, ನಮ್ಮ ಕಡೆಯಿಂದ ನಾಲ್ಕು ಜನ ದೊಡ್ಡವರು ಬರೋರಿದ್ದಾರೆ.’

ಈ ಎರಡನೆಯ ಮಾತನ್ನು ಬಿಡಿಸಿ ನೋಡಬೇಕು. ಇದರಲ್ಲಿ ಬೇಡಿಕೆಯಿಲ್ಲ, ಆದ್ದರಿಂದ ನಿರಾಕರಿಸಲು ದಾರಿಯಿಲ್ಲ. ಇಷ್ಟು ಎಂಬ ಅಂಕಿಯಿಲ್ಲ, ಆದ್ದರಿಂದ ಮುಗಿಯುವ ಮಿತಿಯಿಲ್ಲ. ಹತ್ತು ಸಾವಿರ ಕೇಳಿದವನಿಗೆ ಹತ್ತು ಸಾವಿರ ಕೊಟ್ಟು ಕೈತೊಳೆದುಕೊಳ್ಳಬಹುದು. ‘ನಿಮ್ಮ ಖುಷಿ’ ಎಂದವನಿಗೆ ಎಷ್ಟು ಕೊಟ್ಟರೂ ಅದು ಕಡಿಮೆಯಾಯಿತೇನೋ ಎಂಬ ಅಳುಕು ಉಳಿಯುತ್ತದೆ. ಬಾಯಿಬಿಟ್ಟು ಕೇಳುವ ವರದಕ್ಷಿಣೆಯನ್ನು ಎಲ್ಲರೂ ನಾಚಿಕೆಯ ವಿಷಯವೆಂದು ಒಪ್ಪಿದ ಮೇಲೆ ಅದು ಸಭ್ಯತೆಯ ಬಟ್ಟೆ ತೊಟ್ಟು ಮರಳಿ ಬಂದಿದೆ.

ಇದು ಮಂಗ್ನಿಯ ಮುಂಚೆ ಅಲ್ಲದೆ ಅನಂತರ ಬೆಳೆಯುವುದಕ್ಕೂ ಕಾರಣವಿದೆ. ಶರೀಅತ್ತಿನ ದೃಷ್ಟಿಯಲ್ಲಿ ನಿಶ್ಚಯವೆನ್ನುವುದು ಮಾತು ಮಾತ್ರ, ಮದುವೆಯಲ್ಲ. ಮಂಗ್ನಿಯ ಮೊದಲು ಎರಡೂ ಕಡೆಯವರು ಸಮಾನರು, ಒಲ್ಲೆ ಎನ್ನಲು ಇಬ್ಬರಿಗೂ ಬಾಯಿದೆ. ಮಂಗ್ನಿ ಊರಿಗೆಲ್ಲ ತಿಳಿದ ಮೇಲೆ ಲೆಕ್ಕ ಬದಲಾಗುತ್ತದೆ. ಸಂಬಂಧ ಮುರಿದರೆ ಗಂಡಿಗೆ ಇನ್ನೊಂದು ಮನೆ ಸಿಗುತ್ತದೆ. ಹೆಣ್ಣಿಗೆ ‘ಮಂಗ್ನಿ ಮುರಿದವಳು’ ಎಂಬ ಹೆಸರು ಸಿಗುತ್ತದೆ. ಈ ಭಯವೇ ಬಂಡವಾಳ. ಮೊದಲು ಮಂಟಪ ಬದಲಾಗುತ್ತದೆ: ಮನೆಯ ಮುಂದಿನ ಚಪ್ಪರ ಹೋಗಿ ಶಾದಿ ಮಹಲ್, ಶಾದಿ ಮಹಲ್ ಹೋಗಿ ಹೆದ್ದಾರಿ ಪಕ್ಕದ ಎ.ಸಿ. ಹಾಲ್. ಆಮೇಲೆ ಗಂಡಿನ ಕಡೆಯವರ ಎಣಿಕೆ ಇನ್ನೂರರಿಂದ ನಾನೂರಕ್ಕೆ ಏರುತ್ತದೆ. ಆಮೇಲೆ ಮಂಚ, ಬೀರು, ವಾಷಿಂಗ್ ಮೆಷಿನ್, ಬೈಕು. ಪ್ರತಿಯೊಂದೂ ಒಂದು ಫೋನಿನಲ್ಲಿ, ನಗುತ್ತಲೇ ಬರುತ್ತದೆ. ಮಂಗ್ನಿಗೂ ನಿಕಾಹ್‌ಗೂ ಅಂತರ ಹೆಚ್ಚಿದಷ್ಟೂ ಫೋನುಗಳು ಹೆಚ್ಚು.

ಹಣ ಎಲ್ಲಿಂದ ಬರುತ್ತದೆ? ಹೆಂಡತಿಯ ಒಡವೆ ಗಿರವಿ ಅಂಗಡಿಗೆ ಹೋಗುತ್ತದೆ. ಚೀಟಿಯನ್ನು ನಷ್ಟಕ್ಕೆ ಕೂಗಿ ಎತ್ತಲಾಗುತ್ತದೆ. ಸಂಘದ ಸಾಲ, ಅದರ ಮೇಲೆ ಮೈಕ್ರೋ ಫೈನಾನ್ಸ್ ಸಾಲ. ಸಾಲ ವಸೂಲಿಯ ಕಿರುಕುಳ ಎಷ್ಟು ಮಿತಿಮೀರಿತೆಂದರೆ ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಅದರ ವಿರುದ್ಧ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಮೈಕ್ರೋ ಫೈನಾನ್ಸಿನವರು ಸಾಲ ಕೊಡುವುದು ಸಾಮಾನ್ಯವಾಗಿ ಹೆಂಗಸರಿಗೆ. ಹೀಗಾಗಿ ಮಗಳ ಮದುವೆಯ ಕಂತನ್ನು ತಾಯಿ ವಾರ ವಾರ ಕಟ್ಟುತ್ತಾಳೆ.

ನಮ್ಮ ಸೀಮೆಯ ಹಳೆಯ ಮದುವೆಗಳಲ್ಲೂ ಖರ್ಚಿತ್ತು, ಆದರೆ ಅದನ್ನು ಹೊರುವ ಹೆಗಲುಗಳು ಹೆಚ್ಚಿದ್ದವು. ಮಂಡ್ಯ ಕಡೆಯ ಮುಯ್ಯಿಯ ಪದ್ಧತಿಯನ್ನೇ ನೋಡಿ. ಮದುವೆ ಮನೆಯಲ್ಲಿ ಒಬ್ಬರು ಪುಸ್ತಕ ಹಿಡಿದು ಕೂತು ಯಾವ ಊರಿನ ಯಾರು ಎಷ್ಟು ಮುಯ್ಯಿ ಮಾಡಿದರೆಂದು ಬರೆಯುತ್ತಾರೆ. ನಾಳೆ ಅವರ ಮನೆಯಲ್ಲಿ ಮದುವೆಯಾದಾಗ ಅದಕ್ಕೊಂದಿಷ್ಟು ಸೇರಿಸಿ ಹಿಂದಿರುಗಿಸುವುದು ಮರ್ಯಾದೆ. ಬಡ್ಡಿಯಿಲ್ಲದ, ಪತ್ರವಿಲ್ಲದ, ಊರೇ ಜಾಮೀನಾದ ಸಾಲವಿದು. ಚಪ್ಪರದ ಮದುವೆಯ ಭಾರವನ್ನು ಇದು ಹಂಚಿಕೊಳ್ಳಬಲ್ಲದಾಗಿತ್ತು. ಎ.ಸಿ. ಹಾಲಿನ ಬಾಡಿಗೆಯನ್ನು ಯಾವ ಮುಯ್ಯಿ ತುಂಬೀತು? ಈಗ ಮುಯ್ಯಿಯೂ ಉಳಿದಿದೆ, ಸಾಲವೂ ಉಳಿದಿದೆ. ತಂದೆ ಎರಡನ್ನೂ ತೀರಿಸಬೇಕು.

ಇದೆಲ್ಲ ಸಂಪ್ರದಾಯ ಎನ್ನುವವರು ಸಂಪ್ರದಾಯವನ್ನು ಸರಿಯಾಗಿ ಓದಿದವರಲ್ಲ. ಹಳೆ ಮೈಸೂರಿನ ಹಲವು ಒಕ್ಕಲು ಜಾತಿಗಳಲ್ಲಿ ಗಂಡಿನ ಕಡೆಯವರೇ ಹೆಣ್ಣಿಗೆ ತೆರ ಕೊಟ್ಟು ಮದುವೆಯಾಗುತ್ತಿದ್ದರು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1942ರಲ್ಲಿ ಮೈಸೂರಿನ ಮದುವೆ ಮತ್ತು ಕುಟುಂಬದ ಬಗ್ಗೆ ಬರೆದ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಗಂಡಿಗೆ ಬೆಲೆ ಕಟ್ಟುವ ಪದ್ಧತಿ ಇಂಗ್ಲಿಷ್ ಓದು, ಸಂಬಳದ ನೌಕರಿ, ನಗದು ಹಣದ ಜೊತೆಗೆ ಬೆಳೆದ ಹೊಸ ರೋಗವೆಂದು ಮುಂದೆ ಎಂಬತ್ತರ ದಶಕದಲ್ಲಿ ಅವರು ವಾದಿಸಿದರು. ಮುಸ್ಲಿಮರಲ್ಲಂತೂ ಹಣ ಗಂಡಿನಿಂದ ಹೆಣ್ಣಿಗೆ ಹರಿಯಬೇಕೆಂಬುದು ರೂಢಿಯಲ್ಲ, ಆಜ್ಞೆ. ಮಹ್ರ್ ಹೆಣ್ಣಿನ ಹಕ್ಕು. ಅದನ್ನು ಮನಸಾರೆ ಕೊಡಬೇಕೆಂದು ಕುರ್‌ಆನ್ ಹೇಳುತ್ತದೆ. ನಮ್ಮಲ್ಲಿ ಆಗಿರುವುದೇನು? ಜೋಡೆಯ ಹಣ ನಗದು, ಮಹ್ರ್ ಮಾತ್ರ ಬಾಕಿ. ಒಂದನ್ನು ನಿಕಾಹ್‌ಗೆ ಮುಂಚೆ ಎಣಿಸಿ ತೆಗೆದುಕೊಳ್ಳುತ್ತಾರೆ, ಇನ್ನೊಂದನ್ನು ದಫ್ತರಿನಲ್ಲಿ ಬರೆದು ಮರೆಯುತ್ತಾರೆ.

ಬುಖಾರಿಯಲ್ಲಿ ಬರುವ ಒಂದು ಪ್ರಸಂಗವನ್ನು ಖುತ್ಬಾಗಳಲ್ಲಿ ನಾವು ಅನೇಕ ಸಲ ಕೇಳಿದ್ದೇವೆ. ಅಬ್ದುರ್ರಹ್ಮಾನ್ ಬಿನ್ ಔಫ್(ರ) ಅವರ ಬಟ್ಟೆಯ ಮೇಲೆ ಹಳದಿ ಸುಗಂಧದ ಗುರುತನ್ನು ಕಂಡು ಪ್ರವಾದಿ(ಸ) ಏನೆಂದು ವಿಚಾರಿಸುತ್ತಾರೆ. ಮದುವೆಯಾದೆನೆಂದು ಅವರು ಹೇಳುತ್ತಾರೆ. ಪ್ರವಾದಿಯವರು ಹರಸಿ, ಒಂದು ಕುರಿಯನ್ನಾದರೂ ಕೊಯ್ದು ವಲೀಮಾ ಮಾಡುವಂತೆ ತಿಳಿಸುತ್ತಾರೆ. ಈ ಪ್ರಸಂಗವನ್ನು ವಲೀಮಾದ ಮಹತ್ವಕ್ಕಾಗಿ ಹೇಳುವುದೇ ಹೆಚ್ಚು. ಅದರಲ್ಲಿ ಇನ್ನೂ ಎರಡು ಸಂಗತಿಗಳಿವೆ. ಔತಣ ನೀಡಬೇಕಾದವನು ಗಂಡು. ಮತ್ತು ಮದೀನಾದಂಥ ಪುಟ್ಟ ಊರಿನಲ್ಲಿ ಸ್ವತಃ ಪ್ರವಾದಿಯವರಿಗೆ ಮದುವೆಯ ಕರೆಯೋಲೆ ಹೋಗಿರಲಿಲ್ಲ, ಅದಕ್ಕೆ ಅವರು ಬೇಸರಪಡಲೂ ಇಲ್ಲ. ಕರೆಯಲಿಲ್ಲವೆಂದು ವರ್ಷಗಟ್ಟಲೆ ಮಾತುಬಿಡುವ ನಾವು ಯಾರ ಸುನ್ನತ್ತನ್ನು ಪಾಲಿಸುತ್ತಿದ್ದೇವೆ?

ಕಾನೂನು ಕೂಡ ಸುಮ್ಮನಿಲ್ಲ. 1961ರ ವರದಕ್ಷಿಣೆ ನಿಷೇಧ ಕಾಯ್ದೆ ಮದುವೆಗೆ ಮೊದಲು, ಮದುವೆಯಲ್ಲಿ, ಅನಂತರ ಯಾವಾಗ ಕೊಟ್ಟದ್ದನ್ನೂ ವರದಕ್ಷಿಣೆಯ ವ್ಯಾಪ್ತಿಗೆ ತರುತ್ತದೆ. ಮಹ್ರನ್ನು ಮಾತ್ರ ಸ್ಪಷ್ಟವಾಗಿ ಹೊರಗಿಡುತ್ತದೆ. ಕೇಳದೆ ಕೊಟ್ಟ ಉಡುಗೊರೆಗೆ ಅವಕಾಶವಿದೆ, ಆದರೆ ಅದರ ಪಟ್ಟಿ ಬರೆದಿಡಬೇಕೆಂದು 1985ರ ನಿಯಮಗಳು ಹೇಳುತ್ತವೆ. ಐದು ನೂರು ರೂಪಾಯಿಯ ಮುಯ್ಯಿಯನ್ನು ತಪ್ಪದೆ ಬರೆದಿಡುವ ನಾವು, ಮಗಳ ಜೊತೆ ಹೋದ ಲಕ್ಷಗಟ್ಟಲೆ ಸಾಮಾನಿನ ಪಟ್ಟಿಯನ್ನು ಬರೆಯುವುದಿಲ್ಲ. ನಾಳೆ ಸಂಸಾರ ಮುರಿದಾಗ ಆ ಹೆಣ್ಣುಮಗಳು ತನ್ನ ಬೀರುವನ್ನು ತನ್ನದೆಂದು ಸಾಬೀತು ಮಾಡಲಾರದೆ ನಿಲ್ಲುತ್ತಾಳೆ. ಸರ್ಕಾರವೂ 2013ರಲ್ಲಿ ‘ಶಾದಿ ಭಾಗ್ಯ’ವೆಂದು ಹೆಸರಾದ ಬಿದಾಯಿ ಯೋಜನೆಯಲ್ಲಿ ಬಡ ಅಲ್ಪಸಂಖ್ಯಾತ ವಧುಗಳಿಗೆ ಐವತ್ತು ಸಾವಿರ ರೂಪಾಯಿ ಕೊಡಲು ಹೊರಟಿತು. ಉದ್ದೇಶ ಒಳ್ಳೆಯದೇ. ಆದರೆ ಮದುವೆಯೆಂದರೆ ಹೆಣ್ಣಿನ ಮನೆಯವರಿಗೆ ಬರುವ ಖರ್ಚು ಎಂಬ ತಪ್ಪು ಗ್ರಹಿಕೆಯನ್ನು ಅದು ಪ್ರಶ್ನಿಸಲಿಲ್ಲ. ಒಪ್ಪಿಕೊಂಡಿತು.

ಇಷ್ಟು ಹೇಳಿದ ಮೇಲೆ ಇನ್ನೊಂದು ಬದಿಯನ್ನೂ ನೋಡಬೇಕು. ಬಡವನ ಮನೆಗೆ ನಾಲ್ಕು ಜನ ಬರುವುದು ಮಗಳ ಮದುವೆಗೆ. ಬೆಳ್ಳೂರಿನಂಥ ಊರಿನಲ್ಲಿ ಸಾಬರ ಮನೆಯ ಮದುವೆಯೆಂದರೆ ಗೌಡರೂ ಬರುತ್ತಾರೆ, ಲಿಂಗಾಯತರೂ ದಲಿತರೂ ಬರುತ್ತಾರೆ. ಮಾಂಸ ತಿನ್ನದವರಿಗೆಂದು ಬೇರೆ ಅಡುಗೆಯವರನ್ನು ಕರೆಸಿ ಬೇರೆ ಪಂಕ್ತಿ ಹಾಕಿಸುವ ಕಾಳಜಿ ನಮ್ಮ ಹಿರಿಯರಿಗಿತ್ತು. ಅದೇ ತಾಲೂಕಿನ ನಾಗಮಂಗಲದಲ್ಲಿ 2024ರ ಸೆಪ್ಟೆಂಬರಿನಲ್ಲಿ ಗಣೇಶನ ಮೆರವಣಿಗೆಯ ಹೊತ್ತಿಗೆ ಗಲಭೆಯಾಗಿ ಅಂಗಡಿಗಳು ಸುಟ್ಟುಹೋದವು. ಅಂಥ ದಿನಗಳ ಅನಂತರ ನೆರೆಯವರು ಪರಸ್ಪರ ಮನೆಯ ಊಟಕ್ಕೆ ಕೂರುವುದು ದುಂದುವೆಚ್ಚದ ಲೆಕ್ಕಕ್ಕೆ ಸೇರುವುದಿಲ್ಲ. ಅದು ಊರನ್ನು ಹಿಡಿದಿಡುವ ಕೆಲಸ. ಆದ್ದರಿಂದ ಔತಣವೇ ಬೇಡ ಎನ್ನುವ ವಾದ ನನ್ನದಲ್ಲ. ಆ ನೆರೆಯವನಿಗೆ ಬೇಕಾದದ್ದು ಒಂದು ಹಿಡಿ ಅನ್ನ ಮತ್ತು ಕರೆದ ಪ್ರೀತಿ. ಹದಿನಾಲ್ಕು ಬಗೆಯ ಸಿಹಿಯೂ ಡ್ರೋನ್ ಕ್ಯಾಮೆರಾವೂ ಬೇಕೆಂದು ಅವನು ಕೇಳಿಲ್ಲ. ಊಟವನ್ನು ಉಳಿಸಿಕೊಂಡು ಪ್ರದರ್ಶನವನ್ನು ಬಿಡುವುದು ಸಾಧ್ಯ.

ಕನ್ನಡ ನಾಡಿನಲ್ಲಿ ಸರಳ ಮದುವೆಯ ಮಾತೆತ್ತಿದರೆ ಕುವೆಂಪು ಅವರ ‘ಮಂತ್ರ ಮಾಂಗಲ್ಯ’ ನೆನಪಾಗುತ್ತದೆ. 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನೇ ಅವರು ಹಾಗೆ ಮಾಡಿದರು. ಧರ್ಮಸ್ಥಳದಲ್ಲಿ 1972ರಿಂದ ಸಾಮೂಹಿಕ ವಿವಾಹಗಳು ನಡೆದುಬಂದಿವೆ. ಎರಡೂ ದೊಡ್ಡ ಪ್ರಯತ್ನಗಳು. ಆದರೆ ಮೊದಲನೆಯದು ಓದಿದವರ ಆದರ್ಶವಾಗಿ, ಎರಡನೆಯದು ಬಡವರ ಅನುಕೂಲವಾಗಿ ಉಳಿದವು. ನಡುವಿನವರು ಎರಡನ್ನೂ ಮೆಚ್ಚಿದರು, ತಮ್ಮ ಮಕ್ಕಳಿಗೆ ಹಾಲ್ ಗೊತ್ತುಮಾಡಿದರು. ಮುಸ್ಲಿಮರು ಸರಳ ವಿಧಿಯೊಂದನ್ನು ಹೊಸದಾಗಿ ಕಟ್ಟಬೇಕಾಗಿಲ್ಲ. ಇಬ್ಬರ ಒಪ್ಪಿಗೆ, ವಧುವಿನ ವಲೀ, ಸಾಕ್ಷಿಗಳು, ಮಹ್ರ್: ಮಸೀದಿಯಲ್ಲಿ ಅರ್ಧ ಗಂಟೆಯಲ್ಲಿ ಮುಗಿಯುವ ವಿಧಿ ನಮ್ಮ ಕೈಯಲ್ಲೇ ಇದೆ. ಅದರ ಸುತ್ತ ನಾವೇ ಕಟ್ಟಿದ ಗೋಡೆಯನ್ನು ಇಳಿಸಿದರೆ ಸಾಕು.

ಅದಕ್ಕೆ ಭಾಷಣಕ್ಕಿಂತ ದಫ್ತರು ಹೆಚ್ಚು ಉಪಯುಕ್ತ. ಖುತ್ಬಾದಲ್ಲಿ ವರದಕ್ಷಿಣೆಯನ್ನು ಖಂಡಿಸಿದ ಖತೀಬರೇ ಮಧ್ಯಾಹ್ನ ಅದೇ ಮದುವೆಗೆ ಹೋಗಿ ನಿಕಾಹ್ ಓದಿಸಿ ಬಿರಿಯಾನಿ ಉಂಡು ಬಂದರೆ ಯಾರು ಕೇಳಿಯಾರು? ನಿಕಾಹ್ ಬರೆಯುವ ಪುಸ್ತಕ ಜಮಾಅತಿನ ಕೈಯಲ್ಲಿದೆ. ಮಂಗ್ನಿಗೆ ಮೊದಲೇ ಎರಡೂ ಮನೆಯವರನ್ನು ಕೂರಿಸಿ ಎಷ್ಟು ಜನ, ಎಲ್ಲಿ, ಯಾರ ಖರ್ಚು ಎಂದು ಬರೆಸಬಹುದು. ಅಂತರವನ್ನು ತಿಂಗಳುಗಳಿಂದ ವಾರಗಳಿಗೆ ಇಳಿಸಬಹುದು. ಮಹ್ರ್ ವಧುವಿನ ಕೈಸೇರಿದ ಮೇಲೆಯೇ ಸಹಿ ಎನ್ನಬಹುದು. ಉಡುಗೊರೆಗಳ ಪಟ್ಟಿಯನ್ನು ಅದೇ ಪುಸ್ತಕಕ್ಕೆ ಅಂಟಿಸಬಹುದು. ಇದಕ್ಕೆ ಹೊಸ ಕಾನೂನೂ ಬೇಡ, ಸರ್ಕಾರದ ಹಣವೂ ಬೇಡ. ಬೇಕಾದದ್ದು ಗಂಡುಮಕ್ಕಳ ತಂದೆಯರ ಒಪ್ಪಿಗೆ. ಕಷ್ಟ ಇರುವುದೂ ಅಲ್ಲಿಯೇ. ಮಗಳ ಮದುವೆಯಲ್ಲಿ ಅತ್ತ ತಂದೆಯೇ ಮಗನ ಮದುವೆಯಲ್ಲಿ ‘ನಮಗೇನೂ ಬೇಡ’ ಎಂದು ನಗುತ್ತಾ ಕೂರುತ್ತಾನೆ.

ಸಾರಾ ಅಬೂಬಕ್ಕರ್ 2023ರ ಜನವರಿಯಲ್ಲಿ ತೀರಿಕೊಂಡರು. ಅವರ ನಾದಿರಾಳಿಗಾಗಿ ಮರುಗುವವರು ಕಾದಂಬರಿಯ ಕೊನೆಯ ಪುಟಗಳನ್ನು ಮಾತ್ರ ಓದಿ ಮುಚ್ಚಬಾರದು. ಮದುವೆಗೆ ಹಣ ಸಾಲದೆ ಒಬ್ಬ ತಂದೆ ಅಳಿಯನ ಮುಂದೆ ಕೈಚಾಚಿದ ಪುಟವನ್ನೂ ಓದಬೇಕು. ಈ ವರ್ಷ ಮಂಗ್ನಿ ಮುಗಿಸಿ ಹಾಲ್ ಹುಡುಕುತ್ತಿರುವ ಮನೆಗಳಿಗೆ ಆ ಪುಟವೇ ಹತ್ತಿರದ್ದು.