ಪುಟ್ಟಕ್ಕನ ಕಥೆಗೆ ಪಹಣಿ ಯಾರ ಹೆಸರಲ್ಲಿ?

ನಾಗತಿಹಳ್ಳಿ ಚಂದ್ರಶೇಖರ ಬರೆದ ಕಥೆಯ ಹೆಸರು ‘ಪುಟ್ಟಕ್ಕನ ಮೆಡಿಕಲ್ ಕಾಲೇಜು’. ಬಿ. ಸುರೇಶ ಅದನ್ನು ತೆರೆಗೆ ತಂದಾಗ ಕಾಲೇಜು ಹೋಗಿ ರಸ್ತೆ ಬಂತು. 2011ರಲ್ಲಿ ತೆರೆಕಂಡ ‘ಪುಟ್ಟಕ್ಕನ ಹೈವೇ’ಯಲ್ಲಿ ಹೆದ್ದಾರಿಯ ಪಾಲಾಗಲಿರುವ ತನ್ನ ತುಂಡು ಭೂಮಿಗಾಗಿ ಹೆಣ್ಣುಮಗಳೊಬ್ಬಳು ಕಚೇರಿಯಿಂದ ಕಚೇರಿಗೆ ಅಲೆಯುತ್ತಾಳೆ. ಶ್ರುತಿ ಆ ಪಾತ್ರವನ್ನು ಎತ್ತಿ ನಿಲ್ಲಿಸಿದರು, ಚಿತ್ರಕ್ಕೆ ಅತ್ಯುತ್ತಮ ಕನ್ನಡ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ಶೀರ್ಷಿಕೆ ಬದಲಾಯಿತು, ಭೂಮಿ ಕೇಳುವ ಯೋಜನೆಯೂ ಬದಲಾಯಿತು. ಆದರೆ ಮೂಲ ಕಥೆಗಾರನ ಹೆಸರು ಮಾತ್ರ ಎಲ್ಲೂ ಕಳೆದುಹೋಗಲಿಲ್ಲ.

ಇದರಲ್ಲೇನು ವಿಶೇಷ ಎನ್ನುವವರು 1978ರ ಆರ್.ಜಿ. ಆನಂದ್ ಪ್ರಕರಣವನ್ನು ಓದಬೇಕು. ‘ಹಮ್ ಹಿಂದೂಸ್ತಾನಿ’ ನಾಟಕವನ್ನೇ ‘ನ್ಯೂ ಡೆಲ್ಲಿ’ ಸಿನಿಮಾ ಮಾಡಿದ್ದಾರೆಂದು ನಾಟಕಕಾರ ಸುಪ್ರೀಂ ಕೋರ್ಟ್‌ವರೆಗೂ ಹೋದರು, ಸೋತರು. ವಿಚಾರ, ವಸ್ತು, ಚಾರಿತ್ರಿಕ ಸಂಗತಿ ಇವು ಯಾರ ಸ್ವತ್ತೂ ಅಲ್ಲ. ಅವನ್ನು ಕಟ್ಟಿದ ರೀತಿ, ಹೇಳಿದ ಬಗೆಗಷ್ಟೇ ಹಕ್ಕು ಎಂದಿತು ನ್ಯಾಯಾಲಯ. ಅಭಿವೃದ್ಧಿಯ ಹೆಸರಲ್ಲಿ ಬಡವರ ಭೂಮಿ ಹೋಗುವುದು ಯಾರು ಬೇಕಾದರೂ ಎತ್ತಿಕೊಳ್ಳಬಹುದಾದ ವಸ್ತು. ಪುಟ್ಟಕ್ಕನಿಗೆ ಬೇರೆ ಹೆಸರಿಟ್ಟು, ಮೂಲವನ್ನು ಮರೆಮಾಚಿ ದಕ್ಕಿಸಿಕೊಳ್ಳುವ ಜಾಣತನ ಗಾಂಧಿನಗರಕ್ಕೆ ಹೊಸದೇನಲ್ಲ. ಸುರೇಶ ಆ ದಾರಿ ಹಿಡಿಯಲಿಲ್ಲ. ಕಾನೂನು ಬಲವಂತ ಮಾಡದಷ್ಟು ದೂರ ನಡೆದ ಮೇಲೂ ಮೂಲದ ಋಣ ಒಪ್ಪಿಕೊಂಡದ್ದು ಈ ಚಿತ್ರದ ದೊಡ್ಡತನ.

ನಾಗಮಂಗಲ ತಾಲ್ಲೂಕಿನ ನಾಗತಿಹಳ್ಳಿಯಿಂದ ಬಂದ ಈ ಕಥೆಗಾರ ಸ್ವತಃ ನಿರ್ದೇಶಕ. ‘ಕೊಟ್ರೇಶಿ ಕನಸು’ ಚಿತ್ರಕ್ಕೆ ಕುಂ. ವೀರಭದ್ರಪ್ಪನವರ ಕಥೆ ತೆಗೆದುಕೊಂಡವರು. ಕೊಡುವ ಕೈಯ ಕಷ್ಟ, ಪಡೆಯುವ ಕೈಯ ಆತುರ ಎರಡೂ ಬಲ್ಲವರು. ಎಲ್ಲ ಸಾಹಿತಿಗಳಿಗೂ ಈ ಅನುಕೂಲವಿಲ್ಲ. ‘ನಿಮ್ಮ ಕಾದಂಬರಿ ನಮಗೆ ಕೊಡಿ ಸಾರ್’ ಎಂಬ ಫೋನು, ಶಾಲು, ಒಂದು ಲಕೋಟೆ, ಇಷ್ಟರಲ್ಲೇ ವ್ಯವಹಾರ ಮುಗಿಸುವ ರೂಢಿ ಇನ್ನೂ ಉಳಿದಿದೆ. ಕೃತಿಯನ್ನು ಸಿನಿಮಾ ಮಾಡುವ ಹಕ್ಕು ಲೇಖಕನದೇ ಎನ್ನುತ್ತದೆ 1957ರ ಕಾಪಿರೈಟ್ ಕಾಯ್ದೆ. ಹಕ್ಕು ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಆಗಬೇಕು. ಅವಧಿ ಬರೆಯದಿದ್ದರೆ ಐದೇ ವರ್ಷ, ಪ್ರದೇಶ ಬರೆಯದಿದ್ದರೆ ಭಾರತಕ್ಕಷ್ಟೇ. ಹಕ್ಕು ಪಡೆದವರು ಒಂದು ವರ್ಷದೊಳಗೆ ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದ ಪಕ್ಷದಲ್ಲಿ, ಅದು ಲೇಖಕನಿಗೇ ಮರಳುತ್ತದೆ. ಸಿನಿಮಾ ಇಂದೋ ನಾಳೆಯೋ ಎಂದು ಕಾಯುತ್ತ ಕೂತ ಎಷ್ಟೋ ಕಥೆಗಾರರಿಗೆ ಈ ಕೊನೆಯ ಕಲಮು ಗೊತ್ತಿದ್ದರೆ ಇನ್ನೊಬ್ಬರಿಗೆ ಧೈರ್ಯವಾಗಿ ಕೊಡಬಹುದಿತ್ತು.

ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿಯವರದು ಸುಖಾಂತದ ಉದಾಹರಣೆ. 1942ರ ‘ಮೈಸೂರ ಮಲ್ಲಿಗೆ’ ಸಂಕಲನದ ಕವಿತೆಗಳ ಸುತ್ತ ಕಥೆ ಹೆಣೆದು ಟಿ.ಎಸ್. ನಾಗಾಭರಣ ಅದೇ ಹೆಸರಿನ ಚಿತ್ರ ಮಾಡಿದರು. ಕವಿ ಕಣ್ಣೆದುರೇ ಇದ್ದರು, ಗೀತರಚನೆಯ ರಾಷ್ಟ್ರಪ್ರಶಸ್ತಿಯೂ ಅವರಿಗೇ ಸಂದಿತು. ಅವರು ತೀರಿಕೊಂಡದ್ದು 2003ರಲ್ಲಿ. ಹಾಗಾಗಿ ಆ ಸಾಲುಗಳಿಗೆ 2063ರ ಕೊನೆಯವರೆಗೂ ವಾರಸುದಾರಿಕೆ ಇದೆ. ಚಿತ್ರಕ್ಕಾಗಿ ಸಿ. ಅಶ್ವತ್ಥ್ ಕಟ್ಟಿದ ರಾಗಗಳ ಲೆಕ್ಕ ಬೇರೆ, ಅದರ ಗಡುವು ಇನ್ನೂ ಆಚೆಗೆ. ಮದುವೆಮನೆಯ ಹಾಡು ಎಂದುಕೊಂಡು ಇವನ್ನು ಸಿನಿಮಾಕ್ಕೆ ಎತ್ತಿಕೊಳ್ಳುವವರು ಎರಡು ಬಾಗಿಲು ತಟ್ಟಬೇಕು.

ಪುಸ್ತಕವಿದ್ದವರ ಮಾತಾಯಿತು. ಪುಸ್ತಕವೇ ಇಲ್ಲದ ಊರಿನ ಪಾಡೇನು?

ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ರಾಮ್ ರೆಡ್ಡಿ ಚಿತ್ರಿಸಿದ ‘ತಿಥಿ’ಯ ಕಥೆಯೇ ಕಾಗದಪತ್ರಗಳ ಮೇಲೆ ನಿಂತಿದೆ. ನೂರು ದಾಟಿದ ಅಜ್ಜ ಸೆಂಚುರಿ ಗೌಡ ಸತ್ತಿದ್ದಾನೆ. ಮೊಮ್ಮಗ ತಮ್ಮಣ್ಣ ಜಮೀನು ಮಾರುವ ಹಪಾಹಪಿಯಲ್ಲಿ ಬದುಕಿರುವ ಅಪ್ಪ ಗಡ್ಡಪ್ಪನಿಗೇ ಮರಣಪತ್ರ ಮಾಡಿಸುತ್ತಾನೆ. ಲೊಕಾರ್ನೊದಲ್ಲಿ 2015ರಲ್ಲಿ ಎರಡು ಪ್ರಶಸ್ತಿ ಗೆದ್ದ ಈ ಚಿತ್ರದ ಬರವಣಿಗೆಯಲ್ಲಿ ನೊದೆಕೊಪ್ಪಲಿನವರೇ ಆದ ಈರೇಗೌಡರ ಹೆಸರು ನಿರ್ದೇಶಕರ ಜೊತೆಗೇ ಇದೆ. ಊರಿನ ಬದುಕನ್ನು ಹೊರಗಿನ ಕ್ಯಾಮೆರಾ ಎತ್ತಿಕೊಳ್ಳುವಾಗ ಊರಿನವನೊಬ್ಬನನ್ನು ‘ಮಾಹಿತಿದಾರ’ನಾಗಿ ಅಲ್ಲ, ಸಹಲೇಖಕನಾಗಿ ಕೂರಿಸಿದ್ದು ಸಣ್ಣ ಸಂಗತಿಯಲ್ಲ. ಮುಂದೆ ಅವರೇ ‘ಬಳೆಕೆಂಪ’ ನಿರ್ದೇಶಿಸಿದರು.

ಆದರೆ ಯಶಸ್ಸಿನ ಬೆನ್ನಿಗೇ ತೊಡಕು ಬಂತು. ಗಡ್ಡಪ್ಪ, ಸೆಂಚುರಿ ಗೌಡರಾಗಿ ಅಭಿನಯಿಸಿದ ಹಳ್ಳಿಯ ಹಿರಿಯರು ‘ತರ್ಲೆ ವಿಲೇಜ್’ ತೆರನ ಚಿತ್ರಗಳಲ್ಲಿ ಕಾಣಿಸಿಕೊಂಡರು. ಪ್ರಚಾರದಲ್ಲಿ ಓಡಿದ್ದು ಅವರ ಸ್ವಂತ ಹೆಸರಲ್ಲ, ‘ತಿಥಿ’ಯ ಪಾತ್ರಗಳ ಹೆಸರು. ಗಡ್ಡ ಅಜ್ಜನದು, ಗಡ್ಡಪ್ಪ ಯಾರವನು? ಪಾತ್ರಕ್ಕೆ ಪ್ರತ್ಯೇಕ ಕಾಪಿರೈಟ್ ಎಂಬುದನ್ನು ಕಾಯ್ದೆ ಹೆಸರಿಸಿಲ್ಲ. ಮುದುಕರ ಕೈಗೆ ನಾಲ್ಕು ಕಾಸು ಬಂದದ್ದಕ್ಕೆ ಯಾರೂ ಹೊಟ್ಟೆ ಉರಿದುಕೊಳ್ಳಬೇಕಿಲ್ಲ. ಆದರೆ ಮೊದಲ ಚಿತ್ರದ ಸೂಕ್ಷ್ಮ ನಗೆ ಮುಂದಿನವುಗಳಲ್ಲಿ ಬರೀ ತರಲೆಯಾಗಿ ಇಳಿದದ್ದು ಬರೆದವರಿಗೆ ಆದ ನಷ್ಟವೇ. ಅದಕ್ಕೆ ಪರಿಹಾರ ಕೇಳುವ ಕಚೇರಿ ಇಲ್ಲ.

ಒಂದೂರಿನ ಕಥೆ ಹೀಗಾದರೆ, ಇಡೀ ಸಮುದಾಯದ ಹೆಸರಲ್ಲಿ ಹೊರಟ ಕಥೆಯ ಪಾಡು ಬೇರೆ. 2023ರ ಮಾರ್ಚ್ 12ರಂದು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿ ಪ್ರಧಾನಿ ಬೆಂಗಳೂರು–ಮೈಸೂರು ಹೆದ್ದಾರಿ ಉದ್ಘಾಟಿಸಿದರು. ಅವರ ಸ್ವಾಗತಕ್ಕೆ ಮಂಡ್ಯದಲ್ಲಿ ಎದ್ದ ಕಮಾನಿಗೆ ಉರಿಗೌಡ, ನಂಜೇಗೌಡರ ಹೆಸರಿತ್ತು, ವಿವಾದವಾಗಿ ಅದು ಮರೆಯಾಯಿತು. ಟಿಪ್ಪುವನ್ನು ಕೊಂದವರೆಂದು ಹೇಳಲಾದ ಈ ಇಬ್ಬರು ಇದ್ದದ್ದಕ್ಕೇ ಆಧಾರವಿಲ್ಲ ಎಂದು ಇತಿಹಾಸಕಾರರು ತಕರಾರು ತೆಗೆದಿದ್ದರು. ಅಷ್ಟರಲ್ಲೇ ಅಂದಿನ ಸಚಿವ, ನಿರ್ಮಾಪಕ ಮುನಿರತ್ನ ಅದೇ ಹೆಸರಿನ ಚಿತ್ರಕ್ಕೆ ಹೊರಟರು, ಶೀರ್ಷಿಕೆ ಫಿಲ್ಮ್ ಚೇಂಬರಿನ ಮೆಟ್ಟಿಲೇರಿತು. ಶೀರ್ಷಿಕೆಗಷ್ಟೇ ಕಾಪಿರೈಟ್ ಇಲ್ಲವೆಂದು ಸುಪ್ರೀಂ ಕೋರ್ಟ್ 2015ರಲ್ಲಿ ಹೇಳಿದೆ. ಚೇಂಬರಿನ ನೋಂದಣಿ ಉದ್ಯಮದೊಳಗಿನ ಶಿಸ್ತು ಮಾತ್ರ. ಕೊನೆಗೆ ಚಿತ್ರ ನಿಂತದ್ದು ಯಾವ ಕೋರ್ಟಿನಿಂದಲೂ ಅಲ್ಲ, ಆದಿಚುಂಚನಗಿರಿಯ ಸ್ವಾಮೀಜಿ ಕರೆದು ಹೇಳಿದ ಮೇಲೆ. ಒಕ್ಕಲಿಗ ಸಮುದಾಯದ ಕಥೆಗೆ ಆ ಸಮುದಾಯವೇ ತಡೆ ಹಾಕಿದ್ದು ಈ ಸಲ ಒಳಿತೇ ಆಯಿತು ಎನ್ನಬಹುದು. ಅದೇ ಶಕ್ತಿ ನಾಳೆ ಒಳ್ಳೆಯ ಚಿತ್ರವೊಂದನ್ನೂ ನಿಲ್ಲಿಸಬಲ್ಲದು.

ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ್ದು ಇನ್ನೂ ಕಗ್ಗಂಟು. ಅಲ್ಲಿನ ಗದ್ದುಗೆಯ ಮಂಟೇಸ್ವಾಮಿಯ ಕಾವ್ಯವನ್ನು ನೀಲಗಾರರು ತಲೆಮಾರುಗಳಿಂದ ಹಾಡಿಕೊಂಡು ಬಂದಿದ್ದಾರೆ. ಎಚ್.ಎಸ್. ಶಿವಪ್ರಕಾಶರ ‘ಮಂಟೇಸ್ವಾಮಿ ಕಥಾಪ್ರಸಂಗ’ವನ್ನು ಸಿನಿಮಾ ಮಾಡಹೊರಟವರು ನಾಟಕಕಾರರ ಅನುಮತಿ ಪಡೆಯಬೇಕು, ಹಣ ಕೊಡಬೇಕು. ನೇರ ನೀಲಗಾರರ ಬಾಯಿಂದ ಕೇಳಿ ಮಾಡಿದರೆ ಕಾವ್ಯಕ್ಕೆ ಯಾರನ್ನೂ ಕೇಳಬೇಕಿಲ್ಲ. ಜಾನಪದವನ್ನು ಕಾಯುವ ಪ್ರತ್ಯೇಕ ಕಾನೂನು ಭಾರತದಲ್ಲಿಲ್ಲ. ಹಾಡುಗಾರನ ನಿರ್ದಿಷ್ಟ ಗಾಯನಕ್ಕೆ ಐವತ್ತು ವರ್ಷದ ಕಲಾವಿದನ ಹಕ್ಕಿದೆ, ಅದೂ ಧ್ವನಿಮುದ್ರಿಸುವ ಮುನ್ನ ಒಪ್ಪಿಗೆ ಕೇಳಿದರೆ ತಾನೆ? ಟೈಟಲ್ ಕಾರ್ಡಿನಲ್ಲಿ ‘ಸಾಹಿತ್ಯ: ಜನಪದ’ ಎಂದು ಬಂದರೆ ಮುಗಿಯಿತು, ಹಾಡಿದವರ ಹೆಸರಿಲ್ಲ, ಊರಿಲ್ಲ. 2012ರ ತಿದ್ದುಪಡಿ ಚಿತ್ರಮಂದಿರದಾಚೆಗಿನ ಬಳಕೆಗೆ ಗೀತರಚನೆಕಾರರಿಗೂ ಸಂಗೀತಗಾರರಿಗೂ ಬಿಟ್ಟುಕೊಡಲಾಗದ ರಾಯಧನ ತಂದಿತು. ನೀಲಗಾರರ ಮೇಳಕ್ಕೂ ಅಂಥದೊಂದು ಪಾಲು ಕೊಡಲು ಮತ್ತೊಂದು ತಿದ್ದುಪಡಿಗೆ ಕಾಯಬೇಕಿಲ್ಲ. ನಿರ್ಮಾಪಕರು ತಮ್ಮ ಕರಾರಿನಲ್ಲಿ ಒಂದು ಕಲಮು ಸೇರಿಸಿದರೆ ಸಾಕು, ಅದಕ್ಕೆ ಅಡ್ಡಿ ಮಾಡುವ ಕಾನೂನು ಯಾವುದೂ ಇಲ್ಲ.